ಲೆಸ್ಟರ್ ಬಿಟ್ಟು ಪೋರ್ಚುಗಲ್‌ಗೆ ಹೋಗೋದಾ, ಮೈಸೂರಿಗೆ ವಾಪಸ್ ಬರೋದಾ?

ಕಾವೇರಿ_ಮಗ
ಎಲ್ಲರಿಗೂ ನಮಸ್ಕಾರ. ಊರು ಮಂಡ್ಯ, ಇರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಬಂದು 31 ವರ್ಷ ಆಯಿತು. ನನಗೆ 64, ಹೆಂಡತಿಗೆ 61. ಮಗಳು ಮ್ಯಾಂಚೆಸ್ಟರ್, ಮಗ ಟೊರೊಂಟೊ. ಇಬ್ಬರೂ ಅವರವರ ಪಾಡಿಗೆ ಚೆನ್ನಾಗಿದ್ದಾರೆ. ಮುಂದಿನ ವರ್ಷ ಕೆಲಸ ಬಿಡೋಣ ಅಂತಿದ್ದೇನೆ.

ಇವಳಿಗೆ ಮಂಡಿ ನೋವು. ನವೆಂಬರ್ ಬಂತೆಂದರೆ ಇಲ್ಲಿ ನಾಲ್ಕು ಗಂಟೆಗೇ ಕತ್ತಲು, ಜೊತೆಗೆ ಥಂಡಿ. ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಇವಳ ಮುಖ ನೋಡಲಾಗುವುದಿಲ್ಲ. ಹೋದ ಮೇ ತಿಂಗಳಲ್ಲಿ ಒಂದು ವಾರ ಪೋರ್ಚುಗಲ್‌ನ ದಕ್ಷಿಣ ತೀರಕ್ಕೆ, ಅಲ್ಗಾರ್ವೆಯ ತವಿರಾಗೆ ಹೋಗಿದ್ದೆವು. ಊರ ಮಧ್ಯೆ ಹೊಳೆ, ಅದಕ್ಕೆ ಏಳು ಕಮಾನಿನ ಹಳೇ ಸೇತುವೆ, ಆಚೆಗೆ ಉಪ್ಪಿನ ಗದ್ದೆ. ಮೂರನೇ ದಿನಕ್ಕೆ ಇವಳು ಕೋಲು ಬಿಟ್ಟು ನಡೆದಳು. ವಾಪಸ್ ಬಂದ ಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ.

ಇಬ್ಬರದೂ ಬ್ರಿಟಿಷ್ ಪಾಸ್‌ಪೋರ್ಟ್, ಜೊತೆಗೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದೆ. ಅಮ್ಮ, ಅಣ್ಣ ಮೈಸೂರಿನಲ್ಲಿದ್ದಾರೆ, ಅಲ್ಲಿ ಮೇಲಿನ ಮಹಡಿ ನಮಗೆಂದೇ ಖಾಲಿ ಇಟ್ಟಿದ್ದಾರೆ. ನನಗೆ ಗೊತ್ತಾಗಬೇಕಾದ್ದು ಇಷ್ಟು. ತಿಂಗಳಿಗೆ ಎಷ್ಟು ದುಡ್ಡು ಬೇಕು? ಆಸ್ಪತ್ರೆ ಹೇಗೆ? ಸಸ್ಯಾಹಾರಿಗಳು ಬದುಕಬಹುದಾ? ಅಥವಾ ಇದೆಲ್ಲ ಬಿಟ್ಟು ಸುಮ್ನೆ ಮೈಸೂರಿಗೆ ಹೋಗಿಬಿಡೋದಾ?

ಸರಸ್ವತಿಪುರಂ_ಶೆಟ್ರು
ಮೈಸೂರಿಗೆ ಬನ್ನಿ ಸರ್. ಚರ್ಚೆ ಮುಗಿಯಿತು.

ಉಳ್ಳಾಲದ_ಹುಡುಗ
ಎಂಥ ಮಾರಾಯ್ರೆ, ರಾಣಿ ಅಬ್ಬಕ್ಕ ಪೋರ್ಚುಗೀಸರನ್ನು ಓಡಿಸಲು ಅಷ್ಟು ಕಷ್ಟಪಟ್ಟರೆ ನೀವು ಅವರ ಮನೆಗೇ ಬಾಡಿಗೆ ಕೊಟ್ಟು ಹೋಗುವುದಾ?

ತವಿರಾ_ಅಕ್ಕ
ನಾನು ತವಿರಾದಲ್ಲೇ ಇರುವವಳು! ಊರು ತೀರ್ಥಹಳ್ಳಿ. 2019ರಲ್ಲಿ ಗಂಡನ ಜೊತೆ ಇಂಗ್ಲೆಂಡಿನ ರೆಡಿಂಗ್ ಊರು ಬಿಟ್ಟು ಇಲ್ಲಿಗೆ ಬಂದೆ. ಒಂದೊಂದಾಗಿ ಹೇಳುತ್ತೇನೆ, ಉದ್ದ ಆದರೆ ಬೈಯಬೇಡಿ.

ಮೊದಲು ನೀವು ಕೇಳದೇ ಇದ್ದದ್ದು. ನೀವು ಬಂದದ್ದು ಮೇ ತಿಂಗಳು. ಮೇ ತಿಂಗಳಲ್ಲಿ ತವಿರಾ ಇಷ್ಟವಾಗದವರು ಯಾರೂ ಇಲ್ಲ. ಜನವರಿಯಲ್ಲಿ ಬನ್ನಿ. ಹೊರಗೆ ಬಿಸಿಲು, 16 ಡಿಗ್ರಿ, ಅಂಗಿಯ ಮೇಲೇ ಓಡಾಡಬಹುದು. ಮನೆ ಒಳಗೆ ಬಂದರೆ 13! ಇಲ್ಲಿನ ಮನೆಗಳನ್ನು ಸೆಕೆ ಹೊರಗಿಡಲು ಕಟ್ಟಿದ್ದಾರೆ, ಚಳಿ ಹೊರಗಿಡಲು ಅಲ್ಲ. ನಿಮ್ಮ ಲೆಸ್ಟರ್ ಮನೆಯ ಥರ ಎಲ್ಲ ಕೋಣೆಗೂ ಬಿಸಿನೀರಿನ ರೇಡಿಯೇಟರ್ ಇರುವುದಿಲ್ಲ. ನೆಲಕ್ಕೆ ಟೈಲ್ಸ್, ಗೋಡೆ ತೆಳು, ಕಿಟಕಿಗೆ ಒಂದೇ ಗಾಜು. ಮೊದಲನೇ ಚಳಿಗಾಲ ನಾನು ಮಂಕಿ ಕ್ಯಾಪ್ ಹಾಕಿಕೊಂಡು ಮಲಗಿದೆ. ಕಪಾಟಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು ಬಂತು. ಅಮ್ಮ ಕೊಟ್ಟ ಸೀರೆ ಅದು, ಆಷಾಢದಲ್ಲಿ ತೀರ್ಥಹಳ್ಳಿಯಲ್ಲೂ ಹಾಳಾಗಿರಲಿಲ್ಲ. ಈಗ ತೇವ ಹೀರುವ ಯಂತ್ರ ಇಟ್ಟಿದ್ದೇನೆ. ದಿನಕ್ಕೆ ಎರಡು ಲೀಟರ್ ನೀರು ಕೂಡುತ್ತದೆ, ಅದನ್ನು ಬಾಲ್ಕನಿಯ ಕರಿಬೇವಿಗೆ ಹಾಕುತ್ತೇನೆ.

ಮಂಡಿ ನೋವಿಗೆ ಬಿಸಿಲು ಒಳ್ಳೆಯದು, ಒಪ್ಪುತ್ತೇನೆ. ಆದರೆ ಇಲ್ಲಿನ ಕಾಲುದಾರಿ ನೋಡಿದ್ದೀರಲ್ಲ, ಸಣ್ಣ ಸಣ್ಣ ಬಿಳಿ ಕಲ್ಲು ಜೋಡಿಸಿದ್ದು. ಕಾಲ್ಸಾಡ ಅನ್ನುತ್ತಾರೆ. ನೋಡಲು ರಂಗೋಲಿ, ಮಳೆ ಬಿದ್ದ ಮೇಲೆ ಪಾಚಿ ಕಟ್ಟಿದ ಬಚ್ಚಲು.

ಖರ್ಚು: ಒಂದು ಮಲಗುವ ಕೋಣೆಯ ಮನೆಗೆ ಇಲ್ಲಿ ಟಿ1 ಅನ್ನುತ್ತಾರೆ, ಎರಡು ಇದ್ದರೆ ಟಿ2. ನಮ್ಮದು ಟಿ1, ತಿಂಗಳಿಗೆ 900 ಯೂರೋ. ಬಂದಾಗ 600 ಇತ್ತು. ಕಾಫಿ ಈಗಲೂ ಒಂದು ಯೂರೋ ಆಸುಪಾಸು. ಇಬ್ಬರಿಗೆ ಬಾಡಿಗೆ ಸೇರಿ ತಿಂಗಳಿಗೆ 2,000 ಯೂರೋ ಇದ್ದರೆ ನಿಶ್ಚಿಂತೆ. ವೀಸಾ ಎಲ್ಲ ಸುಲಭ, ಬಂದು ನಗರಸಭೆಯಲ್ಲಿ ಹೆಸರು ಬರೆಸಿದರೆ ಆಯಿತು.

ಫೈಲ್_ಮಾಸ್ತರ
ಅಕ್ಕಾ, ಕೊನೆಯ ಸಾಲು ತಿದ್ದಿ. ನೀವು ಬಂದದ್ದು 2019ರಲ್ಲಿ, ಆಗ ಬ್ರಿಟಿಷ್ ಪಾಸ್‌ಪೋರ್ಟ್ ಎಂದರೆ ಯುರೋಪಿನವರೇ. 2021ರ ಜನವರಿಯಿಂದ ಅವರು ಹೊರಗಿನವರು. 180 ದಿನಗಳಲ್ಲಿ 90 ದಿನ ಇರಬಹುದು, ಅಷ್ಟೇ. ಅದಕ್ಕಿಂತ ಜಾಸ್ತಿ ಇರಬೇಕೆಂದರೆ ವೀಸಾ ಬೇಕು.

ಕಾವೇರಿ ಸರ್, ನಿಮಗೆ ಹೊಂದುವುದು ಡಿ7. ದುಡಿಯದೇ ಬರುವ ಆದಾಯ ಇದ್ದವರಿಗೆ: ಪಿಂಚಣಿ, ಬಾಡಿಗೆ, ಡಿವಿಡೆಂಡ್. ಅಲ್ಲಿನ ಕನಿಷ್ಠ ಸಂಬಳದಷ್ಟು ಬರಬೇಕು. 2025ರಲ್ಲಿ ಅದು 870 ಯೂರೋ, 2026ಕ್ಕೆ 920. ಹೆಂಡತಿಗೆ ಅದರ ಅರ್ಧ. ಅಂದರೆ ಇಬ್ಬರಿಗೆ ತಿಂಗಳಿಗೆ 1,380. ಜೊತೆಗೆ ಒಂದು ವರ್ಷದ ಮೊತ್ತ ಬ್ಯಾಂಕಿನಲ್ಲಿ ತೋರಿಸಿ ಎಂದು ಕೇಳುವುದು ರೂಢಿ. ಮೊದಲು ಅಲ್ಲಿನ ತೆರಿಗೆ ನಂಬರ್ ಮಾಡಿಸಬೇಕು, ನಿಫ್ ಅಂತಾರೆ, ಒಂಬತ್ತು ಅಂಕಿ. ನಮ್ಮ ಪ್ಯಾನ್ ಇದ್ದ ಹಾಗೆ. ಅದಿಲ್ಲದೆ ಮನೆ ಬಾಡಿಗೆ ಕರಾರೂ ಇಲ್ಲ, ಬ್ಯಾಂಕ್ ಖಾತೆಯೂ ಇಲ್ಲ.

ವೀಸಾ ನಾಲ್ಕು ತಿಂಗಳದ್ದು. ಅಷ್ಟರಲ್ಲಿ ಅಲ್ಲಿಗೆ ಹೋಗಿ ವಾಸದ ಪರವಾನಗಿಗೆ ಬೆರಳಚ್ಚು ಕೊಡಬೇಕು. ಪರವಾನಗಿ ಮೊದಲು ಎರಡು ವರ್ಷ, ಆಮೇಲೆ ಮೂರು.

ಒಂದು ಗಮನದಲ್ಲಿಡಿ. ಆ ಕಾರ್ಡ್ ಇಟ್ಟುಕೊಂಡು ಒಂದೇ ಸಮನೆ ಆರು ತಿಂಗಳಿಗಿಂತ ಜಾಸ್ತಿ ಹೊರಗಿರುವ ಹಾಗಿಲ್ಲ. ಬಿಟ್ಟು ಬಿಟ್ಟು ಹೋದರೂ ಕಾರ್ಡಿನ ಅವಧಿಯಲ್ಲಿ ಒಟ್ಟು ಎಂಟು ತಿಂಗಳು. "ಅರ್ಧ ವರ್ಷ ತವಿರಾ, ಅರ್ಧ ವರ್ಷ ಮೈಸೂರು" ಎಂಬ ಪ್ಲಾನ್ ಇದ್ದರೆ ಮರೆತುಬಿಡಿ.

ತವಿರಾ_ಅಕ್ಕ
ಹೌದು, ತಪ್ಪಾಯಿತು. ನಮ್ಮ ಕಾಲದ ಮಾತು ಹೇಳಿಬಿಟ್ಟೆ. ಹೊಸಬರು ಕಾರ್ಡು ಕೈಗೆ ಬರಲು ತಿಂಗಳುಗಟ್ಟಲೆ ಕಾಯುವುದನ್ನು ನೋಡಿದ್ದೇನೆ.

ಬಸವನಗುಡಿ_ಬಾಂಡ್
ಪೋರ್ಚುಗಲ್‌ನಲ್ಲಿ ಪಿಂಚಣಿಗೆ ತೆರಿಗೆಯೇ ಇಲ್ಲ ಅಂತ ಯೂಟ್ಯೂಬ್‌ನಲ್ಲಿ ನೋಡಿದೆ. ನಿಜಾನಾ?

ಫೈಲ್_ಮಾಸ್ತರ
ಆ ವಿಡಿಯೋ ಯಾವ ಕಾಲದ್ದು ನೋಡಿ. 2009ರಲ್ಲಿ ಒಂದು ಯೋಜನೆ ತಂದರು, ಹೊರಗಿನಿಂದ ಬರುವ ಪಿಂಚಣಿಗೆ ಹತ್ತು ವರ್ಷ ತೆರಿಗೆ ಇಲ್ಲ ಅಂತ. ಫಿನ್‌ಲ್ಯಾಂಡ್, ಸ್ವೀಡನ್‌ನವರು ನಮ್ಮ ಪಿಂಚಣಿದಾರರೆಲ್ಲ ಅಲ್ಲಿಗೆ ಓಡುತ್ತಿದ್ದಾರೆ ಎಂದು ಗಲಾಟೆ ಮಾಡಿದರು. 2020ರಿಂದ ಹೊಸಬರಿಗೆ 10 ಶೇಕಡಾ ಆಯಿತು. 2024ರಿಂದ ಹೊಸಬರಿಗೆ ಬಾಗಿಲೇ ಮುಚ್ಚಿತು. ಈಗ ಹೋಗುವವರಿಗೆ ಊರವರಿಗಿರುವ ತೆರಿಗೆಯೇ, ಮೇಲಿನ ಹಂತ 48 ಶೇಕಡಾ. ಆ ಹಂತಕ್ಕೆ ನಾವ್ಯಾರೂ ಹೋಗುವುದಿಲ್ಲ, ಅದು ಬೇರೆ ಮಾತು.

ಇನ್ನೊಂದು, ಬ್ರಿಟನ್ನಿನಲ್ಲಿ ಐಸಾ ಖಾತೆಯಲ್ಲಿ ದುಡ್ಡಿಟ್ಟವರು ಹುಷಾರು. ಅದು ತೆರಿಗೆ ಇಲ್ಲದ್ದು ಅಲ್ಲಿ ಮಾತ್ರ. ಪೋರ್ಚುಗಲ್ ಲೆಕ್ಕದಲ್ಲಿ ಅದು ಮಾಮೂಲಿ ಹೂಡಿಕೆ. ವರ್ಷಕ್ಕೆ 183 ದಿನ ದಾಟಿ ಅಲ್ಲಿದ್ದರೆ ನಿಮ್ಮ ಲೋಕದ ಆದಾಯ ಪೂರ್ತಿ ಅಲ್ಲಿ ತೋರಿಸಬೇಕು. ಹೋಗುವ ಮುಂಚೆ ಎರಡೂ ಕಡೆ ತಿಳಿದ ಅಕೌಂಟೆಂಟ್ ಹತ್ತಿರ ಒಂದು ಗಂಟೆ ಕೂರಿ. ಹೋದ ಮೇಲೆ ಅಲ್ಲ.

ಹೊನ್ನಾವರ_ಭಟ್ಟ
ತೆರಿಗೆಯೇ ಮುಖ್ಯ ಎಂದರೆ ಗ್ರೀಸ್ ನೋಡಿ. ಹೊರಗಿನ ಪಿಂಚಣಿಗೆ 7 ಶೇಕಡಾ, 15 ವರ್ಷ. ಇಟಲಿಯ ದಕ್ಷಿಣದಲ್ಲೂ ಸಣ್ಣ ಊರಿಗೆ ಹೋದರೆ ಅದೇ 7. ವೀಸಾಕ್ಕೆ ಸ್ಪೇನ್‌ನಲ್ಲಿ ತಿಂಗಳಿಗೆ 2,400 ಯೂರೋ ಆದಾಯ ತೋರಿಸಬೇಕು. ಗ್ರೀಸ್‌ನಲ್ಲಿ 3,500.

ಉಳ್ಳಾಲದ_ಹುಡುಗ
ಆ 7 ಶೇಕಡಾ ತೆರಿಗೆಗಾಗಿ ಗ್ರೀಕ್ ಅಕ್ಷರಮಾಲೆ ಕಲಿಯಬೇಕು ಭಟ್ರೇ.

ಮೈಸೂರು_ಮಲ್ಲಿಗೆ_67
ಸರ್, ಮೈಸೂರಿಗೆ ಹೋಗುವ ಮುಂಚೆ ಒಂದು ವಿಷಯ ತಿಳಿದುಕೊಳ್ಳಿ, ಯಾರೂ ಹೇಳುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ತೆಗೆದುಕೊಂಡು ಇಂಡಿಯಾಗೆ ಬಂದರೆ ಅದು ಅಲ್ಲಿಗೇ ನಿಂತುಬಿಡುತ್ತದೆ. ವರ್ಷಾ ವರ್ಷಾ ಏರುವುದಿಲ್ಲ. ಯುರೋಪಿನ ದೇಶಗಳಲ್ಲಿದ್ದರೆ ಏರುತ್ತದೆ, ಪೋರ್ಚುಗಲ್‌ನಲ್ಲೂ ಏರುತ್ತದೆ. ಇಂಡಿಯಾ, ಆಸ್ಟ್ರೇಲಿಯಾ, ಕೆನಡಾದಲ್ಲಿ ಇಲ್ಲ.

ನಮ್ಮ ಮಾವ 2005ರಲ್ಲಿ ವಾಪಸ್ ಬಂದರು. ಆಗ ಮೂಲ ಪಿಂಚಣಿ ವಾರಕ್ಕೆ 82 ಪೌಂಡ್. ಇವತ್ತಿಗೂ ಅವರ ಖಾತೆಗೆ ಅದೇ 82. ಅವರ ಜೊತೆ ಅದೇ ಕಾರ್ಖಾನೆಯಲ್ಲಿದ್ದು ಕೊವೆಂಟ್ರಿಯಲ್ಲೇ ಉಳಿದ ಗೆಳೆಯರಿಗೆ 2025ರಲ್ಲಿ 176. ಇಬ್ಬರೂ ಕಟ್ಟಿದ ಹಣ ಒಂದೇ. ಪ್ರತಿ ಏಪ್ರಿಲ್‌ನಲ್ಲಿ ಆ ಗೆಳೆಯರು ಫೋನ್ ಮಾಡುತ್ತಾರೆ, ಮಾವ ಅವತ್ತು ಊಟ ಮಾಡುವುದಿಲ್ಲ.

ಸರಸ್ವತಿಪುರಂ_ಶೆಟ್ರು
ಅದಕ್ಕೇನು? ರೂಪಾಯಿ ಬೀಳುತ್ತಾ ಇದೆಯಲ್ಲ, ಅದೇ ನಮಗೆ ಇನ್‌ಕ್ರಿಮೆಂಟು. 2005ರಲ್ಲಿ ಪೌಂಡಿಗೆ 80 ರೂಪಾಯಿ ಇತ್ತು, ಈಗ 110 ದಾಟಿದೆ.

ಮೈಸೂರು_ಮಲ್ಲಿಗೆ_67
ಶೆಟ್ರೇ, 2005ರಲ್ಲಿ ಮಸಾಲೆ ದೋಸೆ ಎಷ್ಟಿತ್ತು, ಈಗ ಎಷ್ಟು, ಅದನ್ನೂ ಹೇಳಿ.

ಸರಸ್ವತಿಪುರಂ_ಶೆಟ್ರು
ಆ ಲೆಕ್ಕಕ್ಕೆ ಬರಬೇಡಿ.

ಕಾವೇರಿ_ಮಗ
ಇದು ನನಗೆ ಗೊತ್ತೇ ಇರಲಿಲ್ಲ! 31 ವರ್ಷ ಕಟ್ಟಿದ್ದೇನೆ. ಇನ್ನೆರಡು ವರ್ಷಕ್ಕೆ 66 ಆಗುತ್ತದೆ, ಪಿಂಚಣಿ ಶುರುವಾಗುತ್ತದೆ ಎಂದು ಕೂತಿದ್ದೆ.

ಫೈಲ್_ಮಾಸ್ತರ
ಇನ್ನೊಂದು ಕೆಟ್ಟ ಸುದ್ದಿ ಕೊಡಲಾ? ನೀವು 1961ರ ಮಾರ್ಚ್ 6ರಂದು ಅಥವಾ ಅದರ ನಂತರ ಹುಟ್ಟಿದವರಾದರೆ ನಿಮಗೆ 66 ಅಲ್ಲ, 67. ಮತ್ತೆ ಪೂರ್ತಿ ಪಿಂಚಣಿಗೆ 35 ವರ್ಷ ಕಟ್ಟಿರಬೇಕು. ನಾಲ್ಕು ವರ್ಷದ್ದು ಕಡಿಮೆ ಇದೆ, ಸ್ವಂತವಾಗಿ ಕಟ್ಟಿ ತುಂಬಿಸಿಕೊಳ್ಳಬಹುದಾ ಎಂದು ಕೇಳಿ.

ಇದು ಆಸ್ಪತ್ರೆಗೂ ಸಂಬಂಧ. ಪಿಂಚಣಿ ಶುರುವಾದ ಮೇಲೆ ಬ್ರಿಟನ್ನಿನಿಂದ ಎಸ್1 ಅಂತ ಒಂದು ಪತ್ರ ಸಿಗುತ್ತದೆ. ಅದನ್ನು ಪೋರ್ಚುಗಲ್‌ನಲ್ಲಿ ಕೊಟ್ಟರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಖರ್ಚು ಬ್ರಿಟನ್ನಿನ ಲೆಕ್ಕಕ್ಕೆ. ಅಲ್ಲಿಯವರೆಗಿನ ಮೂರು ವರ್ಷ ಖಾಸಗಿ ವಿಮೆ ಇಟ್ಟುಕೊಳ್ಳಿ. ಮಂಡಿಯದ್ದು ಹಳೇ ಕಾಯಿಲೆ ಎಂದು ವಿಮೆಯವರು ತಳ್ಳಿಹಾಕುತ್ತಾರಾ, ಅದನ್ನು ಬರಹದಲ್ಲಿ ಕೇಳಿ.

ಧಾರವಾಡ_ಫೇಡಾ
ಅಲ್ರೀ, ಎಲ್ಲಾರೂ ರೊಕ್ಕದ ಲೆಕ್ಕಾನೇ ಹೇಳಾಕತ್ತೀರಿ. ನಾ ಒಂದು ಕೇಳ್ತೀನಿ. ರಾತ್ರಿ ಎರಡು ಗಂಟೆಗೆ ಬಚ್ಚಲದಾಗ ಕಾಲು ಜಾರಿ ಬಿದ್ರೆ ಯಾರು ಬರ್ತಾರ? ಧಾರವಾಡದಾಗ ಒಮ್ಮೆ ಒದರಿದ್ರೆ ನಾಲ್ಕು ಮನಿ ದೀಪ ಹತ್ತತಾವ.

ಬಸವನಗುಡಿ_ಬಾಂಡ್
ಅದು ನಿಮ್ಮ ಕಾಲದ ಧಾರವಾಡ ಸರ್. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಹೆಸರೂ ಗೊತ್ತಿಲ್ಲ.

ತವಿರಾ_ಅಕ್ಕ
ಧಾರವಾಡದವರ ಪ್ರಶ್ನೆಗೆ ನಮ್ಮದೇ ಕಥೆ ಇದೆ. ಮೂರು ವರ್ಷದ ಹಿಂದೆ, ಡಿಸೆಂಬರ್. ನಮ್ಮವರು ಮಳೆ ನಿಂತ ಮೇಲೆ ಬ್ರೆಡ್ ತರಲು ಹೋದವರು ಮನೆ ಬಾಗಿಲಲ್ಲೇ ಆ ಕಲ್ಲಿನ ಮೇಲೆ ಜಾರಿದರು. ಸೊಂಟ. ನಾನು ಎಲ್ಲಿಗೆ ಫೋನ್ ಮಾಡಬೇಕು ಎನ್ನುವುದನ್ನೇ ಮರೆತೆ. ಕನ್ನಡದಲ್ಲಿ ಕೂಗಿದೆ, "ಅಯ್ಯೋ ಯಾರಾದ್ರೂ ಬನ್ನಿ" ಅಂತ.

ಬಂದವರು ಪಕ್ಕದ ಮನೆಯ ಅಜ್ಜಿ. 80 ದಾಟಿದವರು, ಒಂದು ಅಕ್ಷರ ಇಂಗ್ಲಿಷ್ ಬರುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ಕಪ್ಪು ಬಟ್ಟೆ, ಗಂಡ ಹೋದ ಮೇಲೆ ಬಣ್ಣ ಉಟ್ಟಿಲ್ಲವಂತೆ. ಅವರೇ 112ಕ್ಕೆ ಫೋನ್ ಮಾಡಿದರು. ಇಲ್ಲಿ ಆಂಬುಲೆನ್ಸ್ ತರುವವರು ಬಹಳ ಕಡೆ ಅಗ್ನಿಶಾಮಕದವರೇ, ಬೊಂಬೈರೊ ಅನ್ನುತ್ತಾರೆ. ಅವರು ಬರುವ ತನಕ ಅಜ್ಜಿ ತಮ್ಮ ಶಾಲು ತೆಗೆದು ಇವರ ತಲೆಯಡಿ ಇಟ್ಟು, ಕೈ ಹಿಡಿದು ನೆಲದ ಮೇಲೇ ಕೂತಿದ್ದರು. ಆಸ್ಪತ್ರೆಯಲ್ಲಿ ಏಳು ದಿನ. ನಾನು ವಾಪಸ್ ಬಂದಾಗೆಲ್ಲ ಬಾಗಿಲಲ್ಲಿ ಒಂದು ಪಾತ್ರೆ ಸೂಪು. ಸೊಪ್ಪಿನ ಸೂಪು, ಕಾಲ್ದು ವೆರ್ದೆ. ಮೇಲೆ ತೇಲುವ ಹಂದಿ ಸಾಸೇಜಿನ ಚೂರು! ನಾವು ಮಾಂಸ ತಿನ್ನುವುದಿಲ್ಲ ಎಂದು ಹೇಳುವಷ್ಟು ಭಾಷೆ ಆಗ ನನಗಿರಲಿಲ್ಲ. ಬೆಕ್ಕಿಗೆ ಹಾಕಿದೆ, ಪಾತ್ರೆ ತೊಳೆದು ಅದರಲ್ಲಿ ಕೇಸರಿಬಾತ್ ಹಾಕಿ ಕೊಟ್ಟೆ. ಈಗ ಅವರೇ ಕೇಳಿ ಮಾಡಿಸಿಕೊಳ್ಳುತ್ತಾರೆ.

ಯಾರಾದರೂ ಬರುತ್ತಾರೆ. ಆದರೆ ಅವರು ಏನು ಹೇಳುತ್ತಿದ್ದಾರೆ ಎಂದು ತಿಳಿಯಬೇಕಲ್ಲ? ಆಸ್ಪತ್ರೆಯ ಆ ಏಳು ದಿನ ನರ್ಸ್ ಹೇಳಿದ್ದು ಅರ್ಥವಾಗದೆ ನಾನು ಬಚ್ಚಲಿಗೆ ಹೋಗಿ ಅಳುತ್ತಿದ್ದೆ. ಜನವರಿಯಲ್ಲೇ ಪೋರ್ಚುಗೀಸ್ ಕ್ಲಾಸಿಗೆ ಸೇರಿದೆ.

ಧಾರವಾಡ_ಫೇಡಾ
ಅಕ್ಕಾರ, ಕಣ್ಣಾಗ ನೀರು ಬಂತ್ರಿ. ಆ ಅಜ್ಜಿಗೆ ನನ್ನ ನಮಸ್ಕಾರ ಹೇಳ್ರಿ.

ಕಾರವಾರ_ನಾಯ್ಕ
ಪೋರ್ಚುಗೀಸ್ ಕಲಿಯುವುದು ನಮಗೆ ಅರ್ಧ ಸುಲಭ. ಚಾವಿ, ಬಟಾಟೆ, ಇಸ್ತ್ರಿ, ಪಗಾರ, ಅನಾನಸು, ಬಾಲ್ದಿ, ಪಾದ್ರಿ, ಜನೇಲು ಎಲ್ಲ ಅವರದ್ದೇ. ಮೇಜು, ಸಾಬೂನು ಕೂಡ.

ಹೊನ್ನಾವರ_ಭಟ್ಟ
ಮೇಜು ಫಾರಸಿಯಿಂದ ಬಂದಿರಬಹುದು, ಸಾಬೂನು ಅರಬ್ಬಿಯಿಂದ. ಎಲ್ಲವನ್ನೂ ಗೋವಾ ದಾರಿಯಲ್ಲೇ ತರಬೇಡಿ.

ಕಾರವಾರ_ನಾಯ್ಕ
ಸರಿ ಭಟ್ರೇ, ಮೇಜು ನಿಮಗೆ ಬಿಟ್ಟೆ. ಚಾವಿ ನನ್ನ ಹತ್ತಿರ ಇರಲಿ.

ತವಿರಾ_ಅಕ್ಕ
ಚಾವಿ ಬಂದರೂ ಕಷ್ಟವೇ! ಇವರು "ಶಾವ್" ಅನ್ನುತ್ತಾರೆ. ಸ್ವರಗಳನ್ನೆಲ್ಲ ನುಂಗಿಬಿಡುತ್ತಾರೆ. ಓದಿದರೆ ಅರ್ಧ ತಿಳಿಯುತ್ತದೆ, ಕೇಳಿದರೆ ಏನೂ ಇಲ್ಲ.

ಕಾರವಾರ_ನಾಯ್ಕ
ವಿಷಯಕ್ಕೆ ಬಂದೆ. ಯಾರಿಗಾದರೂ ಅಪ್ಪ ಅಮ್ಮ, ಅಜ್ಜ ಅಜ್ಜಿ 1961ರ ಡಿಸೆಂಬರ್ 19ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದ್ದರೆ, ಅವರ ಜನನವನ್ನು ಲಿಸ್ಬನ್‌ನಲ್ಲಿ ದಾಖಲು ಮಾಡಿಸಿ ಪೋರ್ಚುಗಲ್ ಪೌರತ್ವವನ್ನೇ ಕೇಳಬಹುದು. ಡಿ7 ಬೇಕಾಗಿಲ್ಲ. ನಮ್ಮ ಚಿಕ್ಕಪ್ಪ ಕಾಣಕೋಣದಲ್ಲಿ ಹುಟ್ಟಿದವರು, ಮಾಡಿಸಿದರು. ಆದರೆ ಆ ಪಾಸ್‌ಪೋರ್ಟ್ ಬಂದ ದಿನ ಇಂಡಿಯಾ ಪೌರತ್ವ ಹೋಗುತ್ತದೆ.

ಉಳ್ಳಾಲದ_ಹುಡುಗ
ಅವರ ಹಿಂದಿನ ಪ್ರಧಾನಿ ಆಂಟೋನಿಯೊ ಕೋಸ್ಟಾ ಗೋವಾ ಮೂಲದವರಲ್ವಾ. 2017ರಲ್ಲಿ ಬೆಂಗಳೂರಿನ ಪ್ರವಾಸಿ ಭಾರತೀಯ ದಿವಸಕ್ಕೆ ಬಂದು ಓಸಿಐ ಕಾರ್ಡು ತೆಗೆದುಕೊಂಡು ಹೋದರು. ಅವರು ಇಲ್ಲಿಗೆ ಬಂದು ಕಾರ್ಡು ತಗೊಳ್ಳುತ್ತಾರೆ, ನೀವು ಅಲ್ಲಿಗೆ ಹೋಗಿ ಕಾರ್ಡು ತಗೊಳ್ಳಿ. ಲೆಕ್ಕ ಚುಕ್ತಾ.

ನಿರ್ವಾಹಕ
ಪ್ರಶ್ನೆ ಕೇಳಿದವರಿಗೆ ಊಟದ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ. ಪದಗಳ ಜಗಳಕ್ಕೆ ಬೇರೆ ಎಳೆ ತೆರೆಯಿರಿ.

ಲಿಸ್ಬನ್_ಲಕ್ಕಿ
ಊಟದ್ದು ನಾನು ಹೇಳುತ್ತೇನೆ, ಲಿಸ್ಬನ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಊರು ದಾವಣಗೆರೆ. ಹೋಟೆಲಿನಲ್ಲಿ ಸಸ್ಯಾಹಾರಿ ಎಂದರೆ ಮೀನು ತರುತ್ತಾರೆ. ಮೀನೂ ಬೇಡ ಎಂದರೆ ಮೊಟ್ಟೆ. "ಮಾಂಸ ಬೇಡ" ಎಂದು ಹೇಳಿ ಟೋಸ್ಟ್ ಕೇಳಿದೆ, ಒಳಗೆ ಹಂದಿಯ ತೆಳು ಹೋಳು. ಕೇಳಿದರೆ "ಇದು ಮಾಂಸ ಅಲ್ಲ, ಫಿಯಾಂಬ್ರೆ" ಅಂದರು! ದೊಡ್ಡ ಊರಲ್ಲಿ ಈಗ ಬದಲಾಗುತ್ತಿದೆ, ಸಣ್ಣ ಊರಲ್ಲಿ ಮನೆ ಅಡುಗೆಯೇ ಗತಿ.

ಮನೆಯಲ್ಲಿ ಮಾಡಿಕೊಳ್ಳುವವರಿಗೆ ಚಿಂತೆಯಿಲ್ಲ. ಯುರೋಪಿನಲ್ಲಿ ತಲೆಗೆ ಅತಿ ಹೆಚ್ಚು ಅನ್ನ ತಿನ್ನುವವರು ಇವರೇ. ಇವರ ಕರೋಲಿನೊ ಅಕ್ಕಿ ಸ್ವಲ್ಪ ಅಂಟು, ಬಿಸಿಬೇಳೆಬಾತಿಗೆ ಹೇಳಿ ಮಾಡಿಸಿದ್ದು. ಲಿಸ್ಬನ್‌ನ ಮಾರ್ತಿಂ ಮೊನಿಜ್ ಕಡೆ ಹೋದರೆ ತೊಗರಿಬೇಳೆ, ಹುಣಸೆ, ಬೆಂಡೆ, ಹಾಗಲ ಎಲ್ಲ ಸಿಗುತ್ತದೆ. ಅಂಗಡಿಯವರು ಹೆಚ್ಚಿನವರು ಬಾಂಗ್ಲಾದವರು. ಲುಮಿಯಾರ್‌ನಲ್ಲಿ ರಾಧಾಕೃಷ್ಣ ದೇವಸ್ಥಾನ ಇದೆ, ಮೊಜಾಂಬಿಕ್‌ನಿಂದ ಬಂದ ಗುಜರಾತಿಗಳು ಕಟ್ಟಿಸಿದ್ದು. ರಾಗಿ ಮಾತ್ರ ಊರಿಂದಲೇ ತರಬೇಕು.

ಕಾವೇರಿ_ಮಗ
ಮಂಡ್ಯದವನಿಗೆ ಕೊನೆಯ ಸಾಲು ಹೇಳಬಾರದಿತ್ತು.

ಬಸವನಗುಡಿ_ಬಾಂಡ್
ನನ್ನ ಪ್ರಶ್ನೆ ಬೇರೆ. ನನ್ನದು ಇಂಡಿಯನ್ ಪಾಸ್‌ಪೋರ್ಟ್, ಬೆಂಗಳೂರಲ್ಲೇ ಇರುವುದು. ಎರಡು ಮನೆ ಬಾಡಿಗೆ, ಸ್ವಲ್ಪ ಪಿಂಚಣಿ, ಒಟ್ಟು ಒಂದೂವರೆ ಲಕ್ಷ. ನನಗೂ ಡಿ7 ಸಿಗುತ್ತಾ?

ಫೈಲ್_ಮಾಸ್ತರ
ನಿಯಮದ ಪ್ರಕಾರ ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಮಿತಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್, ಅದು ನಿಮಗೆ ಅಡ್ಡಿಯಾಗುವುದಿಲ್ಲ. ಅಡ್ಡಿ ಶೆಟ್ರು ಹೇಳಿದ್ದೇ, ತಿರುಗಿಸಿ ನೋಡಿ. ರೂಪಾಯಿ ಬಿದ್ದರೆ ಅವರಿಗೆ ಇನ್‌ಕ್ರಿಮೆಂಟು, ನಿಮಗೆ ಸಂಬಳ ಕಡಿತ. ರೂಪಾಯಿಯಲ್ಲಿ ದುಡಿದು ಯೂರೋದಲ್ಲಿ ಮುಪ್ಪು ಕಳೆಯುವುದು ಕಷ್ಟ. ನಿಮಗೆ ಎಸ್1 ಕೂಡ ಇಲ್ಲ.

ಲಿಸ್ಬನ್_ಲಕ್ಕಿ
ಒಂದು ಮಾತು ಹೇಳಬೇಕು, ಬೇಜಾರಾಗಬೇಡಿ. ಪೋರ್ಚುಗಲ್ "ಅಗ್ಗ" ಎನ್ನುವ ಲೆಕ್ಕದಲ್ಲೇ ಇಲ್ಲಿ ಮಾತು ನಡೆಯುತ್ತಿದೆ! 920 ಯೂರೋ ಅನ್ನುವುದು ಇಲ್ಲಿನವರ ಕನಿಷ್ಠ ಸಂಬಳ. ತವಿರಾ ಅಕ್ಕನ ಟಿ1 ಬಾಡಿಗೆ 900. ಅಲ್ಲಿನ ಹೋಟೆಲಿನಲ್ಲಿ ಕಾಫಿ ಕೊಡುವ ಹುಡುಗಿ ಎಲ್ಲಿ ಮನೆ ಮಾಡಬೇಕು? ನನ್ನ ಆಫೀಸಿನ ಮೂವತ್ತೆರಡು ವರ್ಷದ ಹುಡುಗ ಇನ್ನೂ ಅಪ್ಪ ಅಮ್ಮನ ಮನೆಯಲ್ಲಿದ್ದಾನೆ. ಬೆಂಗಳೂರಿನವರು ಹೋಗಿ ಸಕಲೇಶಪುರದಲ್ಲಿ ತೋಟ ಕೊಂಡು ಅಲ್ಲಿನವರಿಗೆ ಎಟುಕದ ಹಾಗೆ ಮಾಡಿದರಲ್ಲ, ಅದೇ ಕಥೆ.

ಇನ್ನೊಂದು ಜನವೂ ಇದ್ದಾರೆ. ಅಲ್ಗಾರ್ವೆ ದಾಟಿ ಸ್ವಲ್ಪ ಮೇಲೆ ಒಡೆಮಿರಾ ಅಂತ ಇದೆ. ಅಲ್ಲಿ ಕಣ್ಣು ಹಾಯುವಷ್ಟು ದೂರ ಪ್ಲಾಸ್ಟಿಕ್ ಹಸಿರುಮನೆ, ಒಳಗೆ ರಾಸ್ಪ್‌ಬೆರಿ. ಕೀಳುವವರು ನೇಪಾಳ, ಬಾಂಗ್ಲಾ, ಪಂಜಾಬಿನ ಹುಡುಗರು. ಒಂದು ಕೋಣೆಗೆ ಎಂಟು ಹತ್ತು ಜನ. ಅವರೂ ನಮ್ಮ ಬಣ್ಣದವರೇ. ಬೀದಿಯಲ್ಲಿ ನೋಡುವವರಿಗೆ ನೀವು ಪಿಂಚಣಿದಾರರೋ ರಾಸ್ಪ್‌ಬೆರಿ ಕೀಳುವವರೋ ಎಂದು ಹಣೆಯ ಮೇಲೆ ಬರೆದಿರುವುದಿಲ್ಲ. ಸಾಮಾನ್ಯ ಜನ ಮೃದು, ಆದರೆ ವಲಸಿಗರ ವಿರುದ್ಧದ ಮಾತು ಕೆಲವು ವರ್ಷಗಳಿಂದ ಜೋರಾಗಿದೆ.

ಹೊನ್ನಾವರ_ಭಟ್ಟ
ಅದೆಲ್ಲ ಸರಿ, ಆದರೆ ಅವರ ಸರ್ಕಾರವೇ ಬನ್ನಿ ಬನ್ನಿ ಎಂದು ತೆರಿಗೆ ಬಿಟ್ಟು ಕರೆದದ್ದಲ್ವಾ? ಹೋದವರ ತಪ್ಪೇನು?

ಲಿಸ್ಬನ್_ಲಕ್ಕಿ
ತಪ್ಪು ಎಂದು ನಾನು ಹೇಳಲಿಲ್ಲ ಭಟ್ರೇ. ಹೋದ ಮೇಲೆ ಎಲ್ಲರ ಎದುರು "ಎಷ್ಟು ಅಗ್ಗ" ಅನ್ನಬೇಡಿ ಎಂದೆ, ಅಷ್ಟೇ.

ಲೆಸ್ಟರ್_ಲಲಿತ
ನಮಸ್ಕಾರ. ನಾನು ಈ ಕಾವೇರಿ ಮಗನ ಹೆಂಡತಿ. ನಿನ್ನೆ ರಾತ್ರಿ ಇವರು ಮಲಗಿದ ಮೇಲೆ ಪೂರ್ತಿ ಓದಿದೆ. ನನ್ನ ಮಂಡಿಯ ಬಗ್ಗೆ ಇಷ್ಟು ಜನ ಮಾತಾಡುತ್ತಿರುವುದು ನೋಡಿ ನಗು ಬಂತು.

ಇವರು ಬರೆಯದೇ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಮೈಸೂರಿನ ಮಹಡಿ ಮನೆ ಚೆನ್ನಾಗಿದೆ. ಅತ್ತೆಗೆ 88, ಒಳ್ಳೆಯವರು, ನನ್ನನ್ನು ಕಂಡರೆ ಪ್ರೀತಿ. ಆದರೆ ಹೋದ ಸಲ ಆರು ವಾರ ಇದ್ದೆವು. ಮೊದಲನೇ ದಿನ ಬೆಳಿಗ್ಗೆ ಐದೂವರೆಗೆ ಕೆಳಗಿಂದ "ಲಲಿತಾ, ಎದ್ದೆಯೇನಮ್ಮಾ?" ಎಂದು ದನಿ ಬಂತು. ನಾನು 35 ವರ್ಷ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವಳು, ಒಂದು ವಾರ್ಡನ್ನೇ ನಡೆಸಿದವಳು. ಆ ದನಿ ಕೇಳಿದ ತಕ್ಷಣ ಸೆರಗು ಸರಿಮಾಡಿಕೊಂಡು ಎದ್ದು ನಿಂತೆ. 61ನೇ ವಯಸ್ಸಿಗೆ! ಮೈಸೂರಿನಲ್ಲಿ ನಾನು ಸೊಸೆ. ಮ್ಯಾಂಚೆಸ್ಟರಿನಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿ. ತವಿರಾದಲ್ಲಿ ಆ ಒಂದು ವಾರ ನಾನು ಯಾರೂ ಆಗಿರಲಿಲ್ಲ. ಸಂತೆಗೆ ಹೋಗಿ ಅಂಜೂರ ಕೊಂಡು ಸೇತುವೆ ಮೇಲೆ ಕೂತು ತಿಂದೆ. ಮಂಡಿ ನೋವು ಕಡಿಮೆಯಾದದ್ದು ಬಿಸಿಲಿಗಾ ಇದಕ್ಕಾ ಗೊತ್ತಿಲ್ಲ.

ಹಾಗಂತ ನನಗೆ ಭಯವಿಲ್ಲ ಎಂದಲ್ಲ. ನನಗೆ ಕಾರು ಓಡಿಸಲು ಬರುವುದಿಲ್ಲ. ಇವರಿಗೇನಾದರೂ ಆದರೆ ಆ ಊರಿನಲ್ಲಿ ನಾನೊಬ್ಬಳೇ ಹೇಗಿರಲಿ? ಇದನ್ನು ಯಾವ ಯೂಟ್ಯೂಬಿನವರೂ ಹೇಳುವುದಿಲ್ಲ. ತವಿರಾ ಅಕ್ಕ, ನೀವು ಒಬ್ಬರೇ ಆದರೆ ಅಲ್ಲೇ ಇರುತ್ತೀರಾ?

ಮೈಸೂರು_ಮಲ್ಲಿಗೆ_67
ಲಲಿತಾ ಅವರೇ, ಆ ಐದೂವರೆಯ ದನಿ ನನಗೆ ಚೆನ್ನಾಗಿ ಗೊತ್ತು. ನನ್ನ ಅತ್ತೆ ಹೋಗಿ ನಾಲ್ಕು ವರ್ಷ ಆಯಿತು, ಈಗಲೂ ಎಚ್ಚರ ಆಗುತ್ತದೆ.

ಸರಸ್ವತಿಪುರಂ_ಶೆಟ್ರು
ಅತ್ತೆಗೆ 88 ಎಂದಮೇಲೆ ಅವರನ್ನು ನೋಡಿಕೊಳ್ಳುವವರು ಯಾರು? ಅದೂ ಒಂದು ಕರ್ತವ್ಯ ಅಲ್ವಾ?

ಲೆಸ್ಟರ್_ಲಲಿತ
ಕರ್ತವ್ಯ ಅವರ ಮಗನದ್ದೂ ಹೌದು ಶೆಟ್ರೇ. ಮಗ ಐದೂವರೆಗೆ ಏಳುತ್ತಾರಾ ಕೇಳಿ.

ಕಾವೇರಿ_ಮಗ
ಓದಿದೆ. ನಿನ್ನೆ ಟೀ ಕುಡಿಯುವಾಗ ಇದನ್ನೇ ನೇರ ಹೇಳಬಹುದಿತ್ತು ಲಲಿತಾ.

ಲೆಸ್ಟರ್_ಲಲಿತ
ಹೇಳಿದ್ದೆ. ಆಗ ನೀವು ಈ ಉತ್ತರಗಳನ್ನು ಓದುತ್ತಾ ಇದ್ದಿರಿ.

ಉಳ್ಳಾಲದ_ಹುಡುಗ
ಅಬ್ಬಕ್ಕ ಬಂದರು, ಎಲ್ಲರೂ ಜಾಗ ಬಿಡಿ.

ತವಿರಾ_ಅಕ್ಕ
ಲಲಿತಾ, ನಾನೂ ಇದನ್ನು ಯೋಚಿಸಿದ್ದೇನೆ. ಸೊಂಟ ಮುರಿದ ಆ ಚಳಿಗಾಲ ಪ್ರತಿ ರಾತ್ರಿ ಯೋಚಿಸಿದೆ. ಅದಕ್ಕೇ ಮನೆ ಕೊಳ್ಳಲಿಲ್ಲ, ಬಾಡಿಗೆಯಲ್ಲೇ ಇದ್ದೇವೆ. ಕೊಂಡರೆ ಮಾರುವ ತನಕ ಕಟ್ಟಿಹಾಕಿದ ಹಾಗೆ. ನಾನೊಬ್ಬಳೇ ಆದರೆ ಒಂದು ವರ್ಷ ಇರುತ್ತೇನೆ, ಏನನ್ನೂ ನಿರ್ಧಾರ ಮಾಡುವುದಿಲ್ಲ, ಆಮೇಲೆ ನೋಡುತ್ತೇನೆ. ಇವರಿಗೂ ಅದನ್ನೇ ಹೇಳಿದ್ದೇನೆ.

ಕಾರಿಲ್ಲದೆ ತವಿರಾದಲ್ಲಿ ಆರಾಮಾಗಿ ಇರಬಹುದು. ಲಾಗೋಸ್‌ನಿಂದ ಸ್ಪೇನ್ ಗಡಿಯವರೆಗೆ ತೀರದುದ್ದಕ್ಕೂ ರೈಲು ಇದೆ, ನಮ್ಮೂರಲ್ಲಿ ನಿಲ್ಲುತ್ತದೆ. ನಿಧಾನ, ಆದರೆ 65 ದಾಟಿದವರಿಗೆ ಅರ್ಧ ಟಿಕೆಟ್. ಬೆಟ್ಟದ ಮೇಲಿನ ಚಂದದ ಮನೆ, ಈಜುಕೊಳದ ಮನೆ ಯಾರು ತೋರಿಸಿದರೂ ಹೋಗಬೇಡಿ. ಸ್ಟೇಷನ್‌ಗೆ, ಸಂತೆಗೆ ನಡೆದು ಹೋಗುವಷ್ಟು ಹತ್ತಿರ, ನೆಲಮಹಡಿ ಅಥವಾ ಲಿಫ್ಟ್ ಇರುವುದು. ಬಾಡಿಗೆ ಕೊಡುವ ಏಜೆಂಟ್ ಫೋಟೋ ನಂಬಬೇಡಿ. ನಮಗೆ ಒಬ್ಬರು ಹೊಸ ಬಣ್ಣ ಹೊಡೆಸಿ ಬೂಷ್ಟು ಮುಚ್ಚಿ ಕೊಟ್ಟಿದ್ದರು, ಹದಿನೈದು ದಿನಕ್ಕೆ ಗೋಡೆಯ ಮೇಲೆ ಇಡೀ ಭೂಪಟ ಬಂತು. ಕಪಾಟಿನ ಹಿಂದೆ ಕೈ ಹಾಕಿ ಮುಟ್ಟಿ ನೋಡಿ.

ಲೆಸ್ಟರ್_ಲಲಿತ
ಸರಿ ಅಕ್ಕ. ಹಾಗಾದರೆ ಜನವರಿಯಲ್ಲೇ ಬರುತ್ತೇವೆ. ಚಳಿಯಲ್ಲೇ ನೋಡೋಣ.

ಕಾವೇರಿ_ಮಗ
ಜನವರಿ 1ರಿಂದ ಮಾರ್ಚ್ 31ರವರೆಗೆ ಒಂದು ಟಿ1 ನೋಡಿದ್ದೇನೆ. ಸರಿಯಾಗಿ 90 ದಿನ.

ಫೈಲ್_ಮಾಸ್ತರ
ಸರ್, ಇಳಿಯುವ ದಿನ, ಹೊರಡುವ ದಿನ ಎರಡೂ ಲೆಕ್ಕಕ್ಕೆ ಬರುತ್ತದೆ. ವಿಮಾನ ಒಂದು ರಾತ್ರಿ ತಡವಾದರೆ 91. ಈಗ ಗಡಿಯಲ್ಲಿ ಬೆರಳಚ್ಚು ತೆಗೆದು ಕಂಪ್ಯೂಟರೇ ದಿನ ಎಣಿಸುತ್ತದೆ. ಮಾರ್ಚ್ 28ಕ್ಕೆ ಹೊರಡಿ.

ಕಾವೇರಿ_ಮಗ
ಬದಲಾಯಿಸಿದೆ. ಜನವರಿ 3ಕ್ಕೆ ಹೋಗಿ ಮಾರ್ಚ್ 28ಕ್ಕೆ ವಾಪಸ್. ಇವಳು ಇಡ್ಲಿ ಪಾತ್ರೆ ತರಬೇಕಾ ಎಂದು ಕೇಳುತ್ತಿದ್ದಾಳೆ. ಇಬ್ಬರೂ ಒಂದೇ ಸೋಫಾದಲ್ಲಿ ಕೂತಿದ್ದೇವೆ, ಈ ಸಲ ಕೇಳಿಸಿಕೊಂಡೇ ಬರೆಯುತ್ತಿದ್ದೇನೆ.

ತವಿರಾ_ಅಕ್ಕ
ಇಡ್ಲಿ ಪಾತ್ರೆ ನನ್ನ ಹತ್ತಿರ ಎರಡಿದೆ, ಒಂದು ಕೊಡುತ್ತೇನೆ. ರಾಗಿ ಹಿಟ್ಟು ತನ್ನಿ, ನನಗೂ. ಮತ್ತೆ ಮನೆಯವರನ್ನು ಒಂದು ಕೇಳಿ, ಗ್ಯಾಸ್ ಪೈಪಿನದ್ದಾ ಸಿಲಿಂಡರಾ? ಇಲ್ಲಿ ತುಂಬಾ ಮನೆಗಳಲ್ಲಿ ಸ್ನಾನದ ನೀರೂ ಸಿಲಿಂಡರಿನದ್ದೇ, ತಲೆಗೆ ಶಾಂಪೂ ಹಾಕಿದಾಗಲೇ ಮುಗಿಯುತ್ತದೆ. ಊರಿನ ನೆನಪಾಗುತ್ತದೆ. ಸ್ಪೇನ್‌ನಲ್ಲಿ ಸಿಲಿಂಡರ್ ಅಗ್ಗ ಎಂದು ಗಡಿ ದಾಟಿ ತರುವವರೂ ಇದ್ದಾರೆ.

ಲಿಸ್ಬನ್_ಲಕ್ಕಿ
ಅಕ್ಕಾ, "ಅಗ್ಗ" ಅಂದಿರಿ.

ತವಿರಾ_ಅಕ್ಕ
ಸಿಲಿಂಡರಿಗೆ ಅನ್ನಬಹುದಪ್ಪಾ!

ಸರಸ್ವತಿಪುರಂ_ಶೆಟ್ರು
ಮೈಸೂರಿಗೆ ಬನ್ನಿ ಎಂದು ಮೊದಲನೇ ಉತ್ತರದಲ್ಲೇ ಹೇಳಿದ್ದೆ.

ಲೆಸ್ಟರ್_ಲಲಿತ
ಬರುತ್ತೇವೆ ಶೆಟ್ರೇ, ದಸರಾಕ್ಕೆ. ನೆಂಟರ ಥರ.